ಜರ್ಮನಿಯಲ್ಲಿ ಕೆಲಸ ಹೋದ ಮೇಲೆ ಹೊಸ ಕಸುಬು: ಬೆಳಗಾವಿಯ ಕಿರಿಯ ಎಂಜಿನಿಯರರಿಗೊಂದು ಉತ್ತರ

ನಿಮ್ಮ ಪತ್ರ ಕೈಸೇರಿದಾಗ ನಾನು ರಜೆಯ ಮೇಲೆ ಬೆಳಗಾವಿಗೆ ಬಂದಿದ್ದೆ. ಹೀಗಾಗಿ ಸ್ಟಟ್‌ಗಾರ್ಟ್‌ನಿಂದ ನೀವು ಕೇಳಿದ ಪ್ರಶ್ನೆಗಳಿಗೆ ವಡಗಾವಿಯ ನಮ್ಮ ಮನೆಯಲ್ಲಿ ಕುಳಿತು ಉತ್ತರ ಬರೆಯುತ್ತಿದ್ದೇನೆ. ನಾನು ತಿಳಿದುಕೊಂಡಂತೆ ನಿಮ್ಮ ಸ್ಥಿತಿ ಹೀಗಿದೆ: ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಕೆಲವು ವರ್ಷ ಡಿಸೈನ್ ಕೆಲಸ ಮಾಡಿ, ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿಯ ಮೇಲೆ ಜರ್ಮನಿಗೆ ಬಂದು ಹದಿನಾಲ್ಕು ತಿಂಗಳಾಗಿದೆ, ಎಂಜಿನ್ ಬಿಡಿಭಾಗಗಳನ್ನು ಮಾಡುವ ನಿಮ್ಮ ಕಂಪನಿಯು ನಿಮ್ಮ ವಿಭಾಗವನ್ನೇ ಮುಚ್ಚುತ್ತಿದ್ದು, ಪರಸ್ಪರ ಒಪ್ಪಿಗೆಯಿಂದ ಕೆಲಸ ಬಿಡುವ ಪತ್ರವೊಂದಕ್ಕೆ ಸಹಿ ಕೇಳುತ್ತಿದೆ. ಸರ್ಕಾರದ ಖರ್ಚಿನಲ್ಲಿ ಸಾಫ್ಟ್‌ವೇರ್ ಕಲಿತು ವೃತ್ತಿ ಬದಲಿಸಬಹುದೇ, ಹೆಂಡತಿಯನ್ನು ಕರೆದುಕೊಂಡು ಊರಿಗೆ ಮರಳುವುದೇ ಲೇಸೇ ಎಂದು ಕೇಳಿದ್ದೀರಿ.

ನನಗೂ ಅಂಥದೇ ಬಿಡಿಭಾಗ ಕಂಪನಿಯೊಂದರಲ್ಲಿ ಕೆಲಸ ಹೋಗಿತ್ತು. ಅನಂತರ ಅಲ್ಲಿ ಉಮ್‌ಶೂಲುಂಗ್ ಎಂದು ಕರೆಯುವ ಮರುತರಬೇತಿಯನ್ನು ಪೂರ್ತಿಗೊಳಿಸಿ, ಕಾರ್ಖಾನೆಯ ಯಂತ್ರಗಳ ವಿದ್ಯುತ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಕುಶಲ ಕೆಲಸಗಾರನಾಗಿ ಇಂದಿಗೂ ದುಡಿಯುತ್ತಿದ್ದೇನೆ. ಆ ದಾರಿಯಲ್ಲಿ ನಡೆದವನಾಗಿಯೂ ನಾನು ನಿಮಗೆ ಹೇಳಬೇಕಾದದ್ದು ಇದು: ಮರುತರಬೇತಿ ಒಳ್ಳೆಯದು, ಆದರೆ ನಿಮ್ಮ ಪಾಲಿಗೆ ಅದರ ಹೊತ್ತು ಇನ್ನೂ ಬಂದಿಲ್ಲ. ನಿಮ್ಮ ವಾಸದ ಹಕ್ಕು ಗಟ್ಟಿಯಾದ ಮೇಲೆ ಅದಕ್ಕೆ ಕೈಹಾಕಬೇಕು. ಅದಕ್ಕೆ ಕಾರಣಗಳನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಸಹಿಯ ಮಾತು. ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್ ಎಂಬ ಆ ಒಪ್ಪಂದಕ್ಕೆ ಸಹಿ ಮಾಡಿದರೆ ಕೆಲಸವನ್ನು ನೀವೇ ಬಿಟ್ಟಂತೆ ಎಣಿಸಿ, ನಿರುದ್ಯೋಗ ಭತ್ಯೆಯನ್ನು ಸಾಮಾನ್ಯವಾಗಿ 12 ವಾರ ತಡೆಹಿಡಿಯುತ್ತಾರೆ. ಕಂಪನಿಯೇ ನಿಮ್ಮನ್ನು ತೆಗೆಯುವುದಾದರೆ ಸಹಿಯಿರುವ ಕಾಗದವನ್ನು ಕೈಗೆ ಕೊಡಬೇಕು. ಇ-ಮೇಲ್‌ನಲ್ಲಿ ಬಂದ ವಜಾಕ್ಕೆ ಅಲ್ಲಿ ಬೆಲೆಯಿಲ್ಲ. ಆ ಕಾಗದ ಕೈಸೇರಿದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಹಕ್ಕು ನಿಮಗಿದೆ, ಮೂರು ವಾರ ಕಳೆದರೆ ಆ ಹಕ್ಕೂ ಕಳೆಯುತ್ತದೆ. ಆದುದರಿಂದ ಕಂಪನಿಯ ಕಾರ್ಮಿಕ ಮಂಡಳಿಯಾದ ಬೆಟ್ರೀಬ್ಸ್‌ರಾಟ್‌ನವರನ್ನು, ಸಾಧ್ಯವಾದರೆ ಒಬ್ಬ ಕಾರ್ಮಿಕ ವಕೀಲರನ್ನು ಕಾಣದೆ ಯಾವುದಕ್ಕೂ ಸಹಿ ಮಾಡಬೇಡಿ. ದೊಡ್ಡ ಕಂಪನಿಗಳು ವಿಭಾಗ ಮುಚ್ಚುವಾಗ ನೌಕರರನ್ನು ಗರಿಷ್ಠ 12 ತಿಂಗಳವರೆಗೆ ಟ್ರಾನ್ಸ್‌ಫರ್‌ಗೆಸೆಲ್‌ಶಾಫ್ಟ್ ಎಂಬ ಮಧ್ಯಂತರ ಸಂಸ್ಥೆಗೆ ಸೇರಿಸಿ, ಸಂಬಳದ ಒಂದು ಪಾಲು ಕೊಡುತ್ತ ಹೊಸ ಕೆಲಸ ಹುಡುಕಲು ನೆರವಾಗುವ ಪದ್ಧತಿಯೂ ಇದೆ; ನಿಮ್ಮಲ್ಲಿ ಅದು ಇದೆಯೇ ಎಂದು ಕೇಳಿ.

ವಜಾದ ಸುದ್ದಿ ತಿಳಿದ ಮೂರು ದಿನದೊಳಗೆ ಅಗೆಂಟೂರ್ ಫ್ಯೂರ್ ಆರ್ಬೈಟ್ ಎಂಬ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುತ್ತಿರುವವನೆಂದು ಹೆಸರು ನೋಂದಾಯಿಸಿ. ಕೊನೆಯ ದಿನಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಅವಧಿಯಿದ್ದರೆ ಮಾತ್ರ ಈ ಅವಸರವಿಲ್ಲ. ಕೆಲಸ ನಿಂತದ್ದನ್ನು ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಗೆ ಎರಡು ವಾರದೊಳಗೆ ತಿಳಿಸುವುದು ಕಾನೂನಿನ ಕಟ್ಟಳೆ. ನಮ್ಮ ಹುಡುಗರು ಹಲವರು ಭಯಪಟ್ಟು ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಡುವುದರಿಂದ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ.

ಇನ್ನು ಹಣದ ವಿಚಾರ. ನಿರುದ್ಯೋಗ ಭತ್ಯೆ ಪಡೆದರೆ ಅಲ್ಲಿಯ ಸರ್ಕಾರಕ್ಕೆ ಹೊರೆಯಾದೆವೆಂದು ಲೆಕ್ಕ ಹಾಕಿ ವೀಸಾ ಕಿತ್ತುಕೊಳ್ಳುವರೇ ಎಂದು ನಿಮ್ಮ ತಂದೆಯವರು ಆತಂಕಪಟ್ಟಿರುವುದಾಗಿ ಬರೆದಿದ್ದೀರಿ. ಅವರಿಗೆ ಧೈರ್ಯ ಹೇಳಿ. ಆ ಭತ್ಯೆ ದಾನವಲ್ಲ, ವಿಮೆ. ಸಂಬಳದ 2.6 ಶೇಕಡಾ ಆ ವಿಮೆಗೆ ಹೋಗುತ್ತದೆ, ಅದರಲ್ಲಿ ಅರ್ಧ ನಿಮ್ಮದು, ಅರ್ಧ ಕಂಪನಿಯದು. ನಿಮ್ಮ ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಅದು ನಮೂದಾಗಿರುತ್ತದೆ. ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿದ್ದರೆ ಕೈಗೆ ಬರುತ್ತಿದ್ದ ಸಂಬಳದ 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ ಸಿಗುತ್ತದೆ. ಹದಿನಾಲ್ಕು ತಿಂಗಳು ಕಟ್ಟಿದ ನಿಮಗೆ ಅದು ಆರು ತಿಂಗಳವರೆಗೆ ಸಲ್ಲುತ್ತದೆ. ತೆರಿಗೆಯ ಹಣದಿಂದ ಬಡವರಿಗೆ ಕೊಡುವ ಸಹಾಯಧನ ಬೇರೆ. ವಾಸದ ಪರವಾನಗಿಗೆ ತೊಡಕಾಗುವುದು ಅದು.

ವೀಸಾದ ಲೆಕ್ಕ ಇದಕ್ಕಿಂತ ಬಿಗಿಯಾಗಿದೆ. ಬ್ಲೂ ಕಾರ್ಡ್ ಪಡೆದು ಎರಡು ವರ್ಷ ತುಂಬದವರಿಗೆ ನಿರುದ್ಯೋಗದಲ್ಲಿ ಮೂರು ತಿಂಗಳ ಅವಕಾಶ, ಎರಡು ವರ್ಷ ತುಂಬಿದವರಿಗೆ ಆರು ತಿಂಗಳ ಅವಕಾಶ ಇರಬೇಕೆಂದು ಐರೋಪ್ಯ ಒಕ್ಕೂಟದ 2021ರ ನಿರ್ದೇಶನ ಹೇಳುತ್ತದೆ. ಅಂದರೆ ನಿಮ್ಮ ಭತ್ಯೆ ಆರು ತಿಂಗಳು ಬಂದರೂ ಪರವಾನಗಿಯ ಅವಧಿ ಅದಕ್ಕಿಂತ ಮೊದಲೇ ಮುಗಿಯಬಹುದು. ಇಂಥ ಸ್ಥಿತಿಯಲ್ಲಿ ಎರಡು ವರ್ಷದ ತರಬೇತಿಗೆ ಕೂಡುವುದು ವಿವೇಕವಲ್ಲ. ತರಬೇತಿ ಅರ್ಧಕ್ಕೆ ಬರುವ ಮೊದಲೇ ನೀವು ಅಲ್ಲಿ ಇರಬಹುದೇ ಇಲ್ಲವೇ ಎಂಬ ಪ್ರಶ್ನೆ ಎದುರಾಗುತ್ತದೆ. ಬ್ಲೂ ಕಾರ್ಡ್ ಉಳ್ಳವರು ಭಾಷಾ ಪರೀಕ್ಷೆಯ ನಡುಮಟ್ಟವಾದ ಬಿ1ರಷ್ಟು ಜರ್ಮನ್ ಕಲಿತಿದ್ದರೆ 21 ತಿಂಗಳ ಕೆಲಸದ ನಂತರ ಶಾಶ್ವತ ವಾಸದ ಹಕ್ಕಿಗೆ ಅರ್ಜಿ ಹಾಕಬಹುದು, ಆರಂಭದ ಮಟ್ಟವಾದ ಎ1 ಮಾತ್ರ ಇದ್ದರೆ 27 ತಿಂಗಳು ಬೇಕು. ಬಿ1 ಇದ್ದರೆ ನೀವು ಆ ಗುರಿಯಿಂದ ಏಳು ತಿಂಗಳ ದೂರದಲ್ಲಿದ್ದೀರಿ. ಆದ್ದರಿಂದ ಈಗ ಮಾಡಬೇಕಾದದ್ದು ಬ್ಲೂ ಕಾರ್ಡಿಗೆ ಬೇಕಾದ ಕನಿಷ್ಠ ಸಂಬಳದ ಮಿತಿಯನ್ನು ಮುಟ್ಟುವ ಇನ್ನೊಂದು ಎಂಜಿನಿಯರಿಂಗ್ ಕೆಲಸ ಹುಡುಕುವುದು. ಆ ಮಿತಿ ಪ್ರತಿ ವರ್ಷ ಬದಲಾಗುತ್ತದೆ. ಎಂಜಿನಿಯರರಂಥ ಕೊರತೆಯ ವೃತ್ತಿಗಳಿಗೆ 2025ರಲ್ಲಿ ಅದು ವರ್ಷಕ್ಕೆ 43,759.80 ಯೂರೋ ಇತ್ತು. ಮೊದಲ 12 ತಿಂಗಳು ದಾಟಿರುವುದರಿಂದ ಕಂಪನಿ ಬದಲಿಸುವಾಗ ನಿಮಗೆ ಹೆಚ್ಚಿನ ತಡೆಯೂ ಇಲ್ಲ. ಮನಸ್ಸಿಗೆ ಅಷ್ಟಾಗಿ ಹಿಡಿಸದ ಕೆಲಸವಾದರೂ ಸರಿ, ಚಿಕ್ಕ ಊರಾದರೂ ಸರಿ, ಆ ಏಳು ತಿಂಗಳನ್ನು ದಾಟಿಕೊಳ್ಳಿ. ನಾನು ಮರುತರಬೇತಿಗೆ ಹೋದದ್ದು ಶಾಶ್ವತ ವಾಸದ ಕಾರ್ಡ್ ಕೈಯಲ್ಲಿದ್ದಾಗ. ಅದಿಲ್ಲದೆ ತರಬೇತಿಯ 28 ತಿಂಗಳು ನೆಮ್ಮದಿಯಿಂದ ಕಲಿಯುವುದು ನನ್ನಿಂದ ಆಗುತ್ತಿರಲಿಲ್ಲ.

ಆ ಹಕ್ಕು ಬಂದ ಮೇಲೆ ಮರುತರಬೇತಿ ಹೇಗಿರುತ್ತದೆ ಎಂದೂ ತಿಳಿದಿರಲಿ. ಮೂರು ಅಥವಾ ಮೂರೂವರೆ ವರ್ಷದ ಕಸುಬಿನ ಶಿಕ್ಷಣವನ್ನು ವಯಸ್ಕರಿಗಾಗಿ ಮೂರನೇ ಒಂದರಷ್ಟು ಕಡಿಮೆ ಮಾಡಿ ಕಲಿಸುತ್ತಾರೆ. ನಾನು ಕಲಿತ ಕೈಗಾರಿಕಾ ವಿದ್ಯುತ್ ಕಸುಬಿಗೆ 28 ತಿಂಗಳು, ನೀವು ಕೇಳಿದ ಸಾಫ್ಟ್‌ವೇರ್ ಕಸುಬಿಗೆ 24 ತಿಂಗಳು. ಶುಲ್ಕವನ್ನು ಬಿಲ್ಡುಂಗ್ಸ್‌ಗುಟ್‌ಶೈನ್ ಎಂಬ ಚೀಟಿಯ ಮೂಲಕ ಉದ್ಯೋಗ ಕಚೇರಿ ಭರಿಸುತ್ತದೆ. ಕಲಿಯುವಷ್ಟು ಕಾಲವೂ ಭತ್ಯೆ ಮುಂದುವರಿಯುತ್ತದೆ. 2023ರ ಜುಲೈಯಿಂದ ಅದರ ಮೇಲೆ ತಿಂಗಳಿಗೆ 150 ಯೂರೋ ಸೇರಿಸಿ ಕೊಡುತ್ತಾರೆ. ನಡುವಿನ ಪರೀಕ್ಷೆ ಪಾಸಾದರೆ 1,000, ಕೊನೆಯ ಪರೀಕ್ಷೆ ಪಾಸಾದರೆ 1,500 ಯೂರೋ ಬಹುಮಾನವೂ ಉಂಟು. ಆದರೆ ಆ ಚೀಟಿ ಕೇಳಿದವರಿಗೆಲ್ಲ ಸಿಗುವ ಹಕ್ಕಲ್ಲ, ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಎಂಜಿನಿಯರಿಂಗ್ ಪದವಿ ಇರುವವನಿಗೆ ಇನ್ನೊಂದು ಕಸುಬು ಏಕೆ ಬೇಕು ಎಂದು ಕೇಳಿಯೇ ಕೇಳುತ್ತಾರೆ. ತಿರಸ್ಕೃತವಾದ ನಿಮ್ಮ ಕೆಲಸದ ಅರ್ಜಿಗಳನ್ನು, ನಿಮ್ಮ ಪ್ರದೇಶದಲ್ಲಿ ಆ ಕಸುಬಿಗೆ ಬಂದಿರುವ ಜಾಹೀರಾತುಗಳನ್ನು, ಕಲಿತ ಮೇಲೆ ತೆಗೆದುಕೊಳ್ಳಲು ಸಿದ್ಧವಿರುವ ಕಾರ್ಖಾನೆಯ ಪತ್ರವನ್ನು ಜೊತೆಗೆ ಒಯ್ದರೆ ಆ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ.

ಸಾಫ್ಟ್‌ವೇರ್ ಬಗ್ಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅನುಭವವಿಲ್ಲದೆ ಹೊಸದಾಗಿ ಆ ಕ್ಷೇತ್ರಕ್ಕೆ ಹೋಗುವವರಿಗೆ ಈಗ ಬಾಗಿಲು ಕಿರಿದಾಗಿದೆ, ಮತ್ತು ಆ ತರಬೇತಿಗೆ ನೀವು ತರುವ ಬಂಡವಾಳ ಏನೂ ಇರುವುದಿಲ್ಲ. ಉದ್ಯಮಬಾಗದ ಫೌಂಡ್ರಿಗಳಲ್ಲಿ, ಹೈಡ್ರಾಲಿಕ್ಸ್ ಘಟಕಗಳಲ್ಲಿ ಓಡಾಡಿ ಬೆಳೆದವರಿಗೆ ಯಂತ್ರ ನಿಂತಾಗ ಎಲ್ಲಿ ಕಿವಿಗೊಡಬೇಕು ಎಂಬ ಅರಿವು ಕೈಯಲ್ಲೇ ಇರುತ್ತದೆ. ವಿದ್ಯುತ್ ನಿರ್ವಹಣೆ, ಯಂತ್ರ ಮತ್ತು ಇಲೆಕ್ಟ್ರಾನಿಕ್ಸ್ ಎರಡೂ ಕೂಡಿದ ಮೆಕಟ್ರಾನಿಕ್ಸ್, ಸ್ವಯಂಚಾಲಿತ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಎಂಬ ಕಂಪ್ಯೂಟರುಗಳ ಕೆಲಸ, ಇವುಗಳಲ್ಲಿ ಆ ಅರಿವಿಗೆ ಬೆಲೆಯಿದೆ. ಎಂಜಿನ್‌ಗೆ ಬೇಡಿಕೆ ಇಳಿದರೂ ಕಾರ್ಖಾನೆಯ ಮೋಟಾರುಗಳು ತಿರುಗುತ್ತಲೇ ಇರುತ್ತವೆ.

ಕಲಿಕೆ ಸುಲಭವಲ್ಲ. ನಮ್ಮ ತರಬೇತಿ ಶಾಲೆಯಲ್ಲಿ ಯಾವ ಪ್ಯಾನೆಲ್ ಬಾಗಿಲು ತೆಗೆಯುವ ಮೊದಲೂ ಐದು ಸುರಕ್ಷತಾ ನಿಯಮಗಳನ್ನು ಕ್ರಮ ತಪ್ಪದೆ ಜರ್ಮನ್‌ನಲ್ಲಿ ಹೇಳಬೇಕಾಗಿತ್ತು: ವಿದ್ಯುತ್ ಪೂರ್ತಿ ಕಡಿ, ಮತ್ತೆ ಯಾರೂ ಹಾಕದಂತೆ ಬೀಗ ಹಾಕು, ವೋಲ್ಟೇಜ್ ಇಲ್ಲವೆಂದು ಖಚಿತಪಡಿಸಿಕೋ, ಭೂಸಂಪರ್ಕ ಕೊಟ್ಟು ಶಾರ್ಟ್ ಮಾಡು, ಪಕ್ಕದ ಜೀವಂತ ಭಾಗಗಳನ್ನು ಮುಚ್ಚು. ಮೂರನೆಯ ನಿಯಮದ ಪಾಠಕ್ಕೆ ನಾನು ಬೆಳಗಾವಿಯಲ್ಲಿ ಬಳಸುತ್ತಿದ್ದ, ತುದಿಯಲ್ಲಿ ಚಿಕ್ಕ ದೀಪ ಹೊತ್ತಿಕೊಳ್ಳುವ ಸ್ಕ್ರೂಡ್ರೈವರ್ ಟೆಸ್ಟರನ್ನು ಜೇಬಿನಿಂದ ತೆಗೆದಾಗ, ತರಬೇತುದಾರರು ಅದನ್ನು ಕೈಗೆ ತೆಗೆದುಕೊಂಡು ಮೇಜಿನ ಡ್ರಾಯರಿನಲ್ಲಿ ಇಟ್ಟುಬಿಟ್ಟರು. ಎರಡು ಮೊನೆಗಳ ಟೆಸ್ಟರನ್ನು ಮೊದಲು ವಿದ್ಯುತ್ ಇರುವ ಕಡೆ ಪರೀಕ್ಷಿಸಿ, ಆಮೇಲೆ ಕೆಲಸ ಮಾಡುವ ಕಡೆ ಎಲ್ಲ ಫೇಸ್‌ಗಳ ನಡುವೆಯೂ ಭೂಸಂಪರ್ಕಕ್ಕೂ ಹಿಡಿದು ನೋಡಿ, ಕೊನೆಗೆ ಮತ್ತೆ ವಿದ್ಯುತ್ ಇರುವ ಕಡೆ ಹಿಡಿದು ಟೆಸ್ಟರು ನಡುವೆ ಕೆಟ್ಟಿಲ್ಲವೆಂದು ತಿಳಿದುಕೊಳ್ಳುವುದು ಅಲ್ಲಿಯ ರೀತಿ. ಇಂಥ ಪ್ರತಿಯೊಂದು ಹೆಜ್ಜೆಗೂ ಕಾರಣವನ್ನು ಕೈಗಾರಿಕಾ ಮಂಡಳಿಯ ಪರೀಕ್ಷಕರ ಮುಂದೆ ಬಾಯಿಮಾತಿನಲ್ಲಿ ವಿವರಿಸಬೇಕು. ಅಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಬಿ1 ಇದ್ದರೆ ಅಂಗಡಿ, ಬಸ್ಸು, ಬಾಡಿಗೆ ಮನೆ ಎಲ್ಲ ನಡೆಯುತ್ತದೆ. ತರಬೇತಿಗೆ ಅದರ ಮೇಲಿನ ಮಟ್ಟವಾದ ಬಿ2 ಬೇಕು ಎಂಬುದು ನನ್ನ ಖಚಿತ ಅನಿಸಿಕೆ. ಕೆಲಸ ಹುಡುಕುತ್ತಿರುವ ಈ ತಿಂಗಳುಗಳಲ್ಲೇ ಸಂಜೆ ತರಗತಿಗೆ ಸೇರಿಕೊಳ್ಳಿ.

ಮರ್ಯಾದೆಯ ಮಾತನ್ನೂ ನೀವು ಎತ್ತಿದ್ದೀರಿ. ನಾನು ತರಬೇತಿಗೆ ಸೇರಿದ ಸುದ್ದಿ ಕೇಳಿ ನಮ್ಮ ಅವ್ವ ಫೋನಿನಲ್ಲಿ, 'ಇಷ್ಟ ಓದಿ ಕಡೀಕ ವಾಯರಮನ್ ಆಗೂದೇನಪಾ?' ಎಂದು ಕೇಳಿದ್ದಳು. ಆ ನೋವು ನಿಜವಾದದ್ದು. ಬಿ.ಇ. ಮತ್ತು ಐಟಿಐ ನಡುವೆ ನಮ್ಮ ಕಡೆ ಇರುವ ಅಂತರವನ್ನು ಅಲ್ಲಿಯ ಜನ ಅಷ್ಟಾಗಿ ಎಣಿಸುವುದಿಲ್ಲ. ಕಸುಬಿನಲ್ಲಿ ಮುಂದೆ ಓದಿ ಮೈಸ್ಟರ್ ಆದವನನ್ನು ಜರ್ಮನಿಯ ಅರ್ಹತಾ ಚೌಕಟ್ಟು ಪದವೀಧರನ ಮಟ್ಟದಲ್ಲೇ, ಆರನೆಯ ಹಂತದಲ್ಲಿ ಇರಿಸಿದೆ. ನಮ್ಮ ವಡಗಾವಿಯ ಓಣಿಯಲ್ಲಿ ಮಗ್ಗದ ದುಡಿಮೆ ಸಾಲದಾದಾಗ ನೇಕಾರರು ಕಂಡುಕೊಂಡ ದಾರಿಗಳನ್ನು ನಾನು ನೋಡಿ ಬೆಳೆದಿದ್ದೇನೆ. ಕೆಲವರು ಲೇಥ್ ಕಲಿತರು, ಕೆಲವರು ಟೆಂಪೋ ಓಡಿಸಿದರು. ಅವರ ಕಲಿಕೆಗೆ ಯಾವ ಕಚೇರಿಯೂ ಹಣ ಕೊಡಲಿಲ್ಲ, ಕಲಿಯುವ ತಿಂಗಳುಗಳಲ್ಲಿ ಮನೆಯ ಒಲೆ ಹೊತ್ತಿಸಲು ಭತ್ಯೆಯೂ ಇರಲಿಲ್ಲ. ಅಂಥವರ ಮಕ್ಕಳಾದ ನಾವು ಹೊಸ ಕಸುಬು ಕಲಿಯಲು ನಾಚಬೇಕಾದದ್ದಿಲ್ಲ.

ಊರಿಗೆ ಮರಳುವುದನ್ನೂ ನಾನು ಸೋಲೆಂದು ಭಾವಿಸುವುದಿಲ್ಲ. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುತ್ತಿದ್ದಾರೆ, ಉದ್ಯಮಬಾಗದಲ್ಲಿ ನಿಮ್ಮನ್ನು ಬಲ್ಲವರಿದ್ದಾರೆ. ಆದರೆ ಮರಳುವ ಮನಸ್ಸಿದ್ದರೆ ಜರ್ಮನಿಯ ಮರುತರಬೇತಿಗೆ ಎರಡು ವರ್ಷ ಕೊಡಬೇಡಿ. ಆ ಪ್ರಮಾಣಪತ್ರಕ್ಕೆ ಅಲ್ಲಿರುವ ತೂಕ ಇಲ್ಲಿ ಸಿಗಲಾರದು, ಇಲ್ಲಿ ಕೈಕೆಲಸವನ್ನಷ್ಟೇ ನೋಡುತ್ತಾರೆ.

ಉಳಿಯುವುದೇ ನಿಶ್ಚಯವಾದರೆ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಸಂಗತಿಯೊಂದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ನಿಮ್ಮ ಹೆಂಡತಿ ಬೆಳಗಾವಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು, ಈಗ ಮನೆಯಲ್ಲಿದ್ದಾರೆ ಎಂದಿದ್ದೀರಿ. ಬ್ಲೂ ಕಾರ್ಡ್ ಉಳ್ಳವರ ಸಂಗಾತಿಗೆ ಅಲ್ಲಿ ಕೆಲಸ ಮಾಡಲು ಯಾವ ನಿರ್ಬಂಧವೂ ಇಲ್ಲ. ಬಿ2 ಮಟ್ಟದ ಜರ್ಮನ್ ಕಲಿತು, ಅಲ್ಲಿಯ ರಾಜ್ಯ ಪ್ರಾಧಿಕಾರದಿಂದ ಪದವಿಗೆ ಮಾನ್ಯತೆ ಪಡೆದು, ಕೊರತೆಯೆಂದು ಅವರು ಗುರುತಿಸಿದ ವಿಷಯಗಳಲ್ಲಿ ಹೊಂದಾಣಿಕೆ ಕೋರ್ಸನ್ನೋ ಜ್ಞಾನ ಪರೀಕ್ಷೆಯನ್ನೋ ಮುಗಿಸಿದರೆ ಅವರು ಪೂರ್ಣ ಪ್ರಮಾಣದ ದಾದಿಯಾಗಿ ದುಡಿಯಬಹುದು, ತಮ್ಮ ಹೆಸರಿನಲ್ಲೇ ಪರವಾನಗಿ ಪಡೆಯಬಹುದು. ಆಗ ಅವರ ಸಂಗಾತಿಯಾಗಿ ಅಲ್ಲಿ ಉಳಿಯುವ ದಾರಿ ನಿಮಗೂ ತೆರೆಯುತ್ತದೆ, ಮತ್ತು ಬ್ಲೂ ಕಾರ್ಡಿನ ಗಡುವಿಗೆ ಅಂಜದೆ ನೀವು ನಿಶ್ಚಿಂತೆಯಿಂದ ಮರುತರಬೇತಿಗೆ ಕೂಡಬಹುದು. ಈ ವಾರವೇ ಅವರ ಕಾಲೇಜಿಗೆ ಬರೆದು, ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪ್ರಾಯೋಗಿಕ ಕೆಲಸ ಎಂಬುದನ್ನು ವಿವರಿಸುವ, ಮೊಹರು ಇರುವ ಪತ್ರವನ್ನು ತರಿಸಿಕೊಳ್ಳಿ. ಆ ಒಂದು ಕಾಗದ ಇಲ್ಲದಿದ್ದರೆ ಮಾನ್ಯತೆಯ ಅರ್ಜಿ ತಡವಾಗಬಹುದು.