ಮಾಳಿಗೆ ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಔಷಧ ಹೊಡೆಯಲಿ?’ ಎಂದೇ ಮುಗಿದಿವೆ. ಆರಿಸಿಕೊಂಡ ಆರು ಪ್ರಶ್ನೆಗಳಲ್ಲಿ ಕೀಟಕ್ಕೆ ಔಷಧ ಬೇಕಾದದ್ದು ಒಂದಕ್ಕೆ ಮಾತ್ರ.

ಊರ ಹೊಲದಿಂದ ಎರೆ ಮಣ್ಣು ತರಿಸಿ ಕುಂಡಗಳಿಗೆ ತುಂಬಿ ಬದನೆ, ಟೊಮೆಟೊ ಹಚ್ಚಿದೆವು. ನೀರು ಹಾಕಿದ ಕೂಡಲೇ ತಳದಿಂದ ಸೋರಿಹೋಗುತ್ತದೆ, ಆದರೂ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡುತ್ತದೆ. ಹೊಲದಲ್ಲಿ ಚಿನ್ನದಂಥ ಮಣ್ಣು ಇಲ್ಲೇಕೆ ಹೀಗೆ? ಮಾಳಿಗೆಗೆ ಭಾರವಾದೀತೇ?
– ಓದುಗರು, ನವನಗರ, ಹುಬ್ಬಳ್ಳಿ

ಎರೆ ಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. ಹೊಲದಲ್ಲಿ ಬಿರುಕು ಬಿಟ್ಟರೂ ಬೇರು ಆಳಕ್ಕೆ ಇಳಿದು ಬದುಕುತ್ತದೆ. ಒಂದು ಅಡಿ ಕುಂಡದಲ್ಲಿ ಆ ದಾರಿಯಿಲ್ಲ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಾಗ ನೀರು ಆ ಸಂದಿಯಲ್ಲೇ ಇಳಿದು ತಳದ ತೂತಿನಿಂದ ಹೊರಟುಹೋಗುತ್ತದೆ. ನಡುವಿನ ಗಡ್ಡೆ ಒಣಗಿಯೇ ಇರುತ್ತದೆ. ನೀರು ಹಾಕಿ ಅರ್ಧ ಗಂಟೆಯ ಮೇಲೆ ನಡುವೆ ಮೂರು ಇಂಚು ಕೆದಕಿ ನೋಡಿ, ತಿಳಿಯುತ್ತದೆ. ಮಳೆಗಾಲದಲ್ಲಿ ಇದೇ ಮಣ್ಣು ಉಲ್ಟಾ ತೊಂದರೆ ಕೊಡುತ್ತದೆ: ಗಾಳಿಯಾಡದೆ ಬೇರು ಕೊಳೆಯುತ್ತದೆ.

ಸದ್ಯಕ್ಕೆ ಹೀಗೆ ಮಾಡಿ. ಮೇಲ್ಮಣ್ಣನ್ನು ಒಂದು ಇಂಚು ಸಡಿಲಿಸಿ ಗೋಡೆಯ ಸಂದಿ ಮುಚ್ಚಿ. ಒಂದೇ ಸಲ ಒಂದು ತಂಬಿಗೆ ಸುರಿಯುವ ಬದಲು ಹತ್ತು ನಿಮಿಷ ಬಿಟ್ಟು ಬಿಟ್ಟು ಮೂರು ಕಂತಿನಲ್ಲಿ ಹಾಕಿ. ಮೇಲೆ ಎರಡು ಇಂಚು ಒಣ ಎಲೆಯನ್ನೋ ಕಬ್ಬಿನ ರವದಿಯನ್ನೋ ಹಾಸಿ.

ಈ ಬೆಳೆ ಮುಗಿದ ಮೇಲೆ ಮಣ್ಣನ್ನೇ ಬದಲಿಸಬೇಕು. ಬುಟ್ಟಿ ಲೆಕ್ಕದಲ್ಲಿ ಎರೆ ಮಣ್ಣು 1, ಮಸಾರಿ (ಕೆಂಪು) ಮಣ್ಣು 1, ಪೂರ್ತಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಹುಳು ಗೊಬ್ಬರ 1½, ತೆಂಗಿನ ನಾರಿನ ಪುಡಿ 1, ಸುಟ್ಟ ಭತ್ತದ ಹೊಟ್ಟು ½. ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ, ಬೇವಿನ ಹಿಂಡಿ ಸೇರಿಸಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೆನೆಹಾಕಿ ಹಿಂಡಿ ಬಳಸಿ. ಹಸಿ ಸಗಣಿ ಬೇಡ. ಗೊಣ್ಣೆಹುಳು ಅದರ ಜೊತೆಗೇ ಬರುತ್ತದೆ. ಎರೆ ಮಣ್ಣಿಗೆ ಎರಡು ಹಿಡಿ ಉಸುಕು ಕಲಿಸಿದರೆ ಸಾಕು ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅಷ್ಟು ಕಡಿಮೆ ಉಸುಕು ಜಿಗುಟು ಮಣ್ಣಿನಲ್ಲಿ ಹುದುಗಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅಷ್ಟೇ.

ಭಾರದ ಮಾತು. ನೆನೆದ ಎರೆ ಮಣ್ಣು ಲೀಟರಿಗೆ ಹೆಚ್ಚು ಕಡಿಮೆ 1.8 ಕಿಲೊ ತೂಗುತ್ತದೆ. 20 ಲೀಟರಿನ ಕುಂಡ ಒಂದಕ್ಕೆ 36 ಕಿಲೊ. ಜನ ಓಡಾಡುವ ಆರ್‌ಸಿಸಿ ಮಾಳಿಗೆಗೆ ಭಾರತೀಯ ಮಾನಕ ಸಂಹಿತೆ ಇಟ್ಟುಕೊಳ್ಳುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ಅಂದರೆ ಒಂದು ಮೀಟರ್ ಚೌಕದಲ್ಲಿ ಅಂಥ ನಾಲ್ಕು ಕುಂಡ ಇಟ್ಟರೆ ಲೆಕ್ಕ ಮುಗಿದಂತೆ, ನೀವು ನಿಲ್ಲಲೂ ಜಾಗವಿಲ್ಲ. ಮೇಲಿನ ಮಿಶ್ರಣ ಎರೆ ಮಣ್ಣಿಗಿಂತ ಎಷ್ಟೋ ಹಗುರ. ದೊಡ್ಡ ಕುಂಡಗಳನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಗೇ ಇಡಿ, ಇಟ್ಟಿಗೆಯ ಮೇಲೆ ಎತ್ತರಿಸಿ ತಳ ಒಣಗಲು ಬಿಡಿ. ಮನೆ ಹಳೆಯ ಮಣ್ಣಿನ ಮಾಳಿಗೆಯದಾದರೆ ಮೇಲೆ ಏನೂ ಬೇಡ, ಅಂಗಳದಲ್ಲೇ ಬೆಳೆಯಿರಿ.

ಬೋರಿನ ನೀರು ಹಾಕುತ್ತೇವೆ. ಗುಲಾಬಿ, ದಾಸವಾಳದ ಹೊಸ ಎಲೆ ಹಳದಿಯಾಗುತ್ತಿವೆ, ನರ ಮಾತ್ರ ಹಸಿರು. ಗೊಬ್ಬರ ಹೆಚ್ಚಿಸಿದರೂ ಸುಧಾರಿಸಲಿಲ್ಲ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದೆ.
– ಓದುಗರು, ಬೆಟಗೇರಿ, ಗದಗ

ಹೆಚ್ಚಿಗೆ ಹಾಕುತ್ತಿರುವ ಗೊಬ್ಬರ ನಿಲ್ಲಿಸಿ. ಸಾರಜನಕ ಕಡಿಮೆಯಾಗಿದ್ದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತಿತ್ತು. ತುದಿಯ ಎಳೆ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣದ ಕೊರತೆ. ಕಬ್ಬಿಣ ಮಣ್ಣಿನಲ್ಲಿ ಇದ್ದೇ ಇದೆ, ಆದರೆ ಗಡಸು ನೀರಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಬೇರಿಗೆ ಅದು ಸಿಗುತ್ತಿಲ್ಲ.

ಒಂದು ಲೀಟರ್ ನೀರಿಗೆ (ಮಳೆ ನೀರಾದರೆ ಉತ್ತಮ) ಮೊದಲು 1 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಕಲಿಸಿದ ಕೂಡಲೇ ಬಳಸಬೇಕು. ಕಂದು ಬಣ್ಣಕ್ಕೆ ತಿರುಗಿದ ದ್ರಾವಣದಿಂದ ಪ್ರಯೋಜನವಿಲ್ಲ. ಹತ್ತು ದಿನಕ್ಕೊಮ್ಮೆ, ಎರಡು ಮೂರು ಸಲ ಸಾಕು. ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಚೀಲ ಹಾಸಿಕೊಳ್ಳಿ.

ಇದು ತಾತ್ಕಾಲಿಕ. ಬಿಳಿ ಪದರವಿರುವ ಮೇಲಿನ ಒಂದು ಇಂಚು ಮಣ್ಣು ತೆಗೆದು ಹೊಸ ಗೊಬ್ಬರ ತುಂಬಿ. ಮಳೆಗಾಲದಲ್ಲಿ ಕುಂಡದ ತಳದ ತಟ್ಟೆ ತೆಗೆದು ಮಳೆಗೆ ಬಿಟ್ಟರೆ ಉಪ್ಪು ತಾನೇ ತೊಳೆದುಹೋಗುತ್ತದೆ. 100 ಚದರ ಅಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರಿನಷ್ಟು ನೀರು. ಒಂದು ಡ್ರಮ್ಮು ಇಟ್ಟು ಹಿಡಿದುಕೊಳ್ಳಿ, ಗುಲಾಬಿಗೆ ಅದನ್ನೇ ಮೀಸಲಿಡಿ. ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ‘ವ್ಯರ್ಥವಾಗಬಾರದು’ ಎಂದು ಗಿಡಕ್ಕೆ ಹಾಕುವವರು ಬಹಳ. ನಿಮ್ಮ ಬೋರಿನ ನೀರಿಗಿಂತ ಅದರಲ್ಲಿ ಲವಣ ಹೆಚ್ಚು. ಅದು ಅಂಗಳ ತೊಳೆಯಲು ಇರಲಿ.

ಡ್ರಮ್ಮಿನಲ್ಲಿ ಕಸಿ ಪೇರಲ ಹಚ್ಚಿದ್ದೇವೆ. ಮಳೆಗಾಲದಲ್ಲಿ ಗಿಡದ ತುಂಬ ಹಣ್ಣು, ಒಡೆದರೆ ಒಳಗೆಲ್ಲ ಹುಳು.
– ಓದುಗರು, ಸಾಧನಕೇರಿ, ಧಾರವಾಡ

ಹಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಹುಳು ಕಣ್ಣಿಗೆ ಬೀಳುವ ಹೊತ್ತಿಗೆ ಮೇಲೆ ಏನು ಸಿಂಪಡಿಸಿದರೂ ಒಳಗೆ ತಲುಪದು. ಧಾರವಾಡದ ಮಳೆಗಾಲ ಈ ನೊಣಕ್ಕೆ ಹಬ್ಬ. ಆದ್ದರಿಂದ ಹಣ್ಣನ್ನೇ ಚಳಿಗಾಲಕ್ಕೆ ಸರಿಸುವುದು ಜಾಣತನ.

ಪೇರಲ ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ. ಏಪ್ರಿಲ್–ಮೇನಲ್ಲಿ ಬರುವ ಹೂ, ಮಿಡಿಯೇ ಮಳೆಗಾಲದ ಹಣ್ಣು. ಮನಸ್ಸು ಗಟ್ಟಿ ಮಾಡಿ ಅವನ್ನೆಲ್ಲ ಚಿವುಟಿ ಹಾಕಿ. ಮೇ ನಡುವೆ ಪ್ರತಿ ಟೊಂಗೆಯ ತುದಿಯನ್ನು 6ರಿಂದ 8 ಇಂಚು ಕತ್ತರಿಸಿ. ಮುಂಗಾರು ಹಿಡಿದಾಗ ಡ್ರಮ್ಮಿಗೆ 2 ಕಿಲೊ ಕಳಿತ ಸಗಣಿ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಕೊಡಿ. ಹೊಸ ಚಿಗುರಿನಲ್ಲಿ ಜುಲೈ–ಆಗಸ್ಟಿಗೆ ಹೂ ಬಂದು ನವೆಂಬರ್‌ನಿಂದ ಜನವರಿಯೊಳಗೆ ಹಣ್ಣಾಗುತ್ತದೆ. ಚಳಿಯಲ್ಲಿ ಮಾಗಿದ ಹಣ್ಣಿಗೆ ಸಿಹಿಯೂ ಹೆಚ್ಚು.

ಕಾಯಿ ನಿಂಬೆ ಗಾತ್ರ ಆದಾಗ ಒಂದೊಂದಕ್ಕೂ ಕಾಗದದ ಅಥವಾ ತೆಳು ಬಟ್ಟೆಯ ಚೀಲ ಕಟ್ಟಿ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ. ಉದುರಿದ ಹುಳುಕು ಹಣ್ಣನ್ನು ಗೊಬ್ಬರದ ಡಬ್ಬಿಗೆ ಹಾಕಬೇಡಿ. ಬಿಗಿಯಾಗಿ ಚೀಲದಲ್ಲಿ ಕಟ್ಟಿ ವಾರವಿಡೀ ಬಿಸಿಲಿಗಿಟ್ಟು ಎಸೆಯಿರಿ. ಅಂಗಡಿಯ ಮೀಥೈಲ್ ಯುಜಿನಾಲ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಅದೊಂದನ್ನೇ ನಂಬಿ ಕೂಡಬೇಡಿ.

ಹೀರೀಬಳ್ಳಿ ತುಂಬ ಹೂವ ಅದಾವ್ರೀ, ಕಾಯಿ ಒಂದೂ ನಿಂದ್ರವಲ್ದು. ಮಿಡಿ ಹಳದಿ ಆಗಿ ಉದರ್ತಾವ. ಮುಂಜಾನೆ ಎದ್ದು ಗಂಡು ಹೂವ ಹೆಣ್ಣು ಹೂವಿಗೆ ಮುಟ್ಟಿಸಿ ನೋಡೇವಿ, ಆಗಲಿಲ್ಲ. ಯಾವ ಟಾನಿಕ್ ಹೊಡೀಬೇಕ್ರೀ?
– ಓದುಗರು, ಹಾವೇರಿ

ಟಾನಿಕ್ ಬೇಡ, ಹೊತ್ತು ಬದಲಿಸಿ. ಹೀರೇಕಾಯಿಯ ಹೂ ಅರಳುವುದು ಸಂಜೆ. ಬೆಳಿಗ್ಗೆ ನೀವು ಮುಟ್ಟಿಸಿದ್ದು ಹಿಂದಿನ ದಿನದ ಹೂವನ್ನು. ಸಂಜೆ ಆರರ ಮೇಲೆ ಹೊಸದಾಗಿ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವಿಗೆ ಹಗುರವಾಗಿ ಸವರಿ. ಸೋರೆಗೂ ಸಂಜೆಯೇ. ತುಪ್ಪದ ಹೀರೆ, ಹಾಗಲ, ಸವತಿಗೆ ಬೆಳಿಗ್ಗೆ.

ಬಳ್ಳಿಯ ಮೊದಲ ಹೂಗಳು ಬಹುತೇಕ ಗಂಡೇ, ಅದಕ್ಕೆ ಗಾಬರಿ ಬೇಡ. ಯೂರಿಯಾ ಹಾಕುತ್ತಿದ್ದರೆ ಬಿಡಿ; ಎಲೆ ಸೊಕ್ಕುತ್ತದೆ, ಕಾಯಿ ಕಡಿಮೆಯಾಗುತ್ತದೆ. 40 ಲೀಟರಿನ ಚೀಲಕ್ಕೆ ಒಂದೇ ಬಳ್ಳಿ. ಮೂರು ಹಾಕಿದರೆ ಮೂರೂ ಬಡಕಲು.

ಬ್ಯಾಡಗಿ ಮೆಣಸಿನ ಸಸಿ ಕುಂಡದಲ್ಲಿ ಹಚ್ಚಿದ್ದೇನೆ. ಎಲೆ ಮುದುಡುತ್ತಿವೆ.
– ಓದುಗರು, ರಾಣೆಬೆನ್ನೂರು

ಎಲೆ ಯಾವ ಕಡೆಗೆ ಮುದುಡಿದೆ ಎಂದು ಬರೆದಿಲ್ಲ, ಉತ್ತರ ಇರುವುದೇ ಅದರಲ್ಲಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್. ಬಿಳಿ ಕಾಗದದ ಮೇಲೆ ಚಿಗುರು ಕೊಡವಿದರೆ ಗೆರೆಯಂಥ ಸಣ್ಣ ಹುಳು ಓಡಾಡುತ್ತವೆ. ಎಲೆ ಕೆಳಕ್ಕೆ ಮುದುಡಿ, ತೊಟ್ಟು ಉದ್ದವಾಗಿದ್ದರೆ ನುಸಿ. ಅದು ಬರಿಗಣ್ಣಿಗೆ ಕಾಣದು.

ಥ್ರಿಪ್ಸಿಗೆ ಲೀಟರ್ ನೀರಿಗೆ ಬೇವಿನ ಎಣ್ಣೆ 5 ಮಿಲಿ, ದ್ರವ ಸಾಬೂನು 1 ಮಿಲಿ. ಮೊದಲು ಸಾಬೂನು ಎಣ್ಣೆ ಕಲಿಸಿ, ಆಮೇಲೆ ನೀರು ಬೆರೆಸಿ. ಇಲ್ಲವಾದರೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಸಂಜೆ, ಎಲೆಯ ತಳಬದಿಗೆ, ವಾರಕ್ಕೊಮ್ಮೆ ಮೂರು ಸಲ. ನುಸಿಗೆ ನೀರಿನಲ್ಲಿ ಕರಗುವ 80% ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಉರಿಬಿಸಿಲಿನ ದಿನಗಳಲ್ಲಿ ಗಂಧಕ ಬೇಡ. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ವಾರ ಅಂತರವಿರಲಿ, ಬೆನ್ನುಬೆನ್ನಿಗೆ ಬಿದ್ದರೆ ಚಿಗುರು ಕಮರುತ್ತದೆ. ಎರಡರಲ್ಲೂ ಸುಧಾರಿಸದೆ ಎಲೆ ಗುಂಪುಗಟ್ಟಿ ಗಿಡ ಕುಳ್ಳಾಗಿಯೇ ಉಳಿದರೆ ಅದು ನಂಜು (ವೈರಸ್) ರೋಗ. ಕಿತ್ತುಹಾಕಿ, ಪಕ್ಕದ ಗಿಡವಾದರೂ ಉಳಿಯಲಿ.

ಸೇವಂತಿಗೆ ಸೊಂಪಾಗಿ ಬೆಳೆದಿದೆ, ದೀಪಾವಳಿ ಕಳೆದರೂ ಮೊಗ್ಗಿಲ್ಲ. ಗೇಟಿನ ಬಳಿ ಇಟ್ಟಿದ್ದೇವೆ.
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಗೇಟಿನ ಬಳಿ ಬೀದಿ ದೀಪ ಇದೆಯೇ ನೋಡಿ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದದ, ತುಂಡಾಗದ ಕತ್ತಲು ಬೇಕು. ರಾತ್ರಿ ಬೆಳಕು ಬೀಳುತ್ತಿದ್ದರೆ ಗಿಡ ಎಲೆಯನ್ನಷ್ಟೇ ಬೆಳೆಸುತ್ತ ಹೋಗುತ್ತದೆ. ಕುಂಡಗಳನ್ನು ಹಿತ್ತಲಿಗೆ ಒಯ್ಯಿರಿ. ಆಗದಿದ್ದರೆ ಸಂಜೆ ಆರಕ್ಕೆ ದೊಡ್ಡ ರಟ್ಟಿನ ಡಬ್ಬಿ ಕವುಚಿ ಬೆಳಿಗ್ಗೆ ಏಳಕ್ಕೆ ತೆಗೆಯಿರಿ, ಮೊಗ್ಗಿಗೆ ಬಣ್ಣ ಬರುವವರೆಗೆ ಒಂದು ರಾತ್ರಿಯೂ ತಪ್ಪಿಸದೆ. ಕವಲು ಹೆಚ್ಚಲೆಂದು ತುದಿ ಚಿವುಟುವ ರೂಢಿಯಿದ್ದರೆ ಮುಂದಿನ ವರ್ಷ ಆಗಸ್ಟ್ ಕೊನೆಗೆ ಅದನ್ನು ನಿಲ್ಲಿಸಿ.