ಪ್ರತಿಕ್ರಿಯೆ: ಶವಾಗಾರದ ಪಟ್ಟಿಯಲ್ಲಿ ಕೊಲೆಯಾದ ಮಹಿಳೆಯರು ಕಡಿಮೆ ಕಾಣುವುದೇಕೆ?

ನಿಮ್ಮ ಮರಣೋತ್ತರ ಪರೀಕ್ಷೆಗಳ ಪಟ್ಟಿಯಲ್ಲಿ ಕೊಲೆಯಾದ ಮಹಿಳೆಯರು ನಿರೀಕ್ಷೆಗಿಂತ ಕಡಿಮೆಯಿರಲು, ಭಾರತೀಯ ದಂಡ ಸಂಹಿತೆಯ (ಐಪಿಸಿ) ಕೊಲೆಯ ಕಲಂ 302ರ ಪ್ರಕರಣಗಳನ್ನಷ್ಟೇ ಆರಿಸಿರುವುದು ಬಹುಶಃ ಕಾರಣ. ಮದುವೆಯಾದ 7 ವರ್ಷದೊಳಗಿನ ಅನೇಕ ಅಸಹಜ ಸಾವುಗಳು ವರದಕ್ಷಿಣೆ ಸಾವಿನ ಕಲಂ 304ಬಿ ಅಡಿ ಬೇರೆಯಾಗಿ ದಾಖಲಾಗುತ್ತವೆ. 2024ರ ಜುಲೈ 1ರಿಂದೀಚಿನ ಪ್ರಕರಣಗಳಿಗೆ, ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 103 (ಕೊಲೆ) ಮತ್ತು 80 (ವರದಕ್ಷಿಣೆ ಸಾವು) ನೋಡಿ. ಮೊದಲು ವರದಕ್ಷಿಣೆ ಸಾವಿನ ಪ್ರಕರಣಗಳನ್ನು ಹುಡುಕಿ ಬೇರೆ ಪಟ್ಟಿ ಮಾಡಿ, ಆದರೆ ಅವುಗಳಲ್ಲಿ ಆತ್ಮಹತ್ಯೆಗಳೂ ಇರುವುದರಿಂದ ಕೊಲೆಯೊಂದಿಗೆ ಬೆರೆಸಬೇಡಿ. ಬಳಿಕ ಸುಟ್ಟಗಾಯದ ಕಡತಗಳನ್ನು ಒಂದೊಂದಾಗಿ ತೆರೆದು, ಪಂಚನಾಮೆಯಲ್ಲಿ ‘ಸ್ಟೌ ಸಿಡಿದು’ ಎಂದಿದ್ದರೂ ಶ್ವಾಸನಾಳದಲ್ಲಿ ಮಸಿಯಿಲ್ಲ, ಕುತ್ತಿಗೆಯ ಸ್ನಾಯುಗಳಲ್ಲಿ ರಕ್ತಸ್ರಾವವಿದೆ ಎಂದು ವೈದ್ಯರು ಬರೆದಿರುವರೇ ಗಮನಿಸಿ. ಕತ್ತು ಹಿಸುಕಿ ಕೊಂದ ಬಳಿಕ ಸುಟ್ಟಿರಬಹುದೆಂಬ ಸುಳಿವು ಅದು; ಸತ್ತ ಹೆಣ್ಣುಮಗಳ ಪರವಾಗಿ ಉಳಿದಿರುವುದು ಕೆಲವೊಮ್ಮೆ ಅದೊಂದೇ ಸಾಲು. ಮಸಿಯಿದ್ದರೆ ಜೀವವಿದ್ದಾಗಲೇ ಬೆಂಕಿ ತಗುಲಿತೆನ್ನಬಹುದು, ಹಚ್ಚಿದವರು ಯಾರೆಂಬುದು ದೇಹದಿಂದ ತಿಳಿಯದು. ಅಂಥವನ್ನು ‘ಅನಿರ್ಧರಿತ’ ಎಂದಿಟ್ಟು, ಕೊಲೆಯಾದ ಮಹಿಳೆಯರ ವಯಸ್ಸುವಾರು ಲೆಕ್ಕವನ್ನು ಅವುಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಮಾಡಿ.