ಮೂರ್ನಾಲ್ಕು ಬಾತ್‌ರೂಮ್ ಇರುವ ಮನೆಗೆ ಎಷ್ಟು ದೊಡ್ಡ ಪ್ರೆಶರ್ ಟ್ಯಾಂಕ್ ಬೇಕು?

ಬಾತ್‌ರೂಮ್ ಎಣಿಸಿ ಟ್ಯಾಂಕ್ ಕೊಳ್ಳಬೇಡಿ, ಪಂಪ್ ನೋಡಿ ಕೊಳ್ಳಿ. ಪಂಪ್ ಒಂದು ನಿಮಿಷದಲ್ಲಿ ಎತ್ತುವಷ್ಟು ನೀರಾದರೂ, ಅದು ಆನ್ ಆಗದೆಯೇ ಟ್ಯಾಂಕಿನಿಂದ ಸಿಗಬೇಕು. ಇಲ್ಲದಿದ್ದರೆ ಪಂಪ್ ಪದೇ ಪದೇ ಆನ್-ಆಫ್ ಆಗಿ, ಮೋಟಾರ್ ಬಿಸಿಯಾಗಿ ಬೇಗ ಹಾಳಾಗುತ್ತದೆ.

ಟ್ಯಾಂಕ್ ತುಂಬಾ ನೀರೇ ಇರುತ್ತದೆ ಅಂದುಕೊಳ್ಳಬೇಡಿ. ಒಳಗೆ ರಬ್ಬರ್ ಪೊರೆಯ ಆಚೆ ಒತ್ತಿ ತುಂಬಿದ ಗಾಳಿ ಇರುತ್ತದೆ. ನೀರನ್ನು ನಲ್ಲಿಗೆ ತಳ್ಳುವುದು ಅದೇ. ಪಂಪ್ 2 ಬಾರ್ ಒತ್ತಡಕ್ಕೆ ಆನ್, 3 ಬಾರ್‌ಗೆ ಆಫ್ ಆಗುವಂತಿದ್ದರೆ, ಮಧ್ಯೆ ಸಿಗುವ ನೀರು ಟ್ಯಾಂಕಿನ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಹಾಗಾಗಿ ನಿಮಿಷಕ್ಕೆ 40 ಲೀಟರ್ ಕೊಡುವ ಪಂಪ್‌ಗೆ ಸುಮಾರು 160 ಲೀಟರ್ ಟ್ಯಾಂಕ್ ಬೇಕು.

ಬಾತ್‌ರೂಮ್ ಜಾಸ್ತಿ ಇದ್ದರೆ ಎರಡು ಮೂರು ಶವರ್ ಒಟ್ಟಿಗೆ ಓಡುತ್ತವೆ ಅಲ್ವಾ? ಅದನ್ನು ತಾಳುವ ಪಂಪ್ ಮೊದಲು ಆರಿಸಿ, ಆಮೇಲೆ ಈ ಲೆಕ್ಕ ಹಾಕಿ.